ಮೂರ್ಸಂಜೆಯ ನಿದ್ದೆ

ಹೆಸರು ಮೂಕಮ್ಮ. ಕೊಲ್ಲೂರಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಮಗಳೆಂದು ಅಪ್ಪ ಅಮ್ಮ ಇಟ್ಟ ಹೆಸರು. ಬಾಯಿ ನೋಡಿ ಇಟ್ಟಿದ್ದರೆ ಬೇರೆ ಏನಾದರೂ ಇಡುತ್ತಿದ್ದರು, ಬಿಡಿ. ಅವಳ ಊರು ಮೇಳಿಗೆಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಆ ಸುದ್ದಿ ಮೂಕಮ್ಮನ ಬಾಯಿಂದ ಹೊರಟು ತೀರ್ಥಹಳ್ಳಿ ಬಸ್ಸು ಹತ್ತುತ್ತಿತ್ತು. ಅಂಥ ಹೆಂಗಸು ಆ ಬುಧವಾರ ಡಾಕ್ಟರ ಕೋಣೆಯಲ್ಲಿ ಕುರ್ಚಿಯ ತುದಿಗೆ ಕೂತು, ಸೆರಗಿನ ಚುಂಗನ್ನು ಹಿಂಡುತ್ತಾ, ಭೂಮಿ ಬಾಯಿಬಿಟ್ಟರೆ ಇಳಿದುಹೋಗೋಣ ಎಂದು ನೆಲ ನೋಡುತ್ತಿದ್ದಳು. ಅಲ್ಲಿಯವರೆಗೆ ಬಂದದ್ದು ಹೇಗೆ ಎಂದು ಮೊದಲಿಂದಲೇ ಹೇಳಬೇಕು.

ಮೂಕಮ್ಮನ ಸೊಸೆ ಸ್ಪಂದನಾ ತೀರ್ಥಹಳ್ಳಿಯ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸು. ಹಸುಗೂಸಿನ ಕೈಯಲ್ಲಿ ಕೂದಲೆಳೆಯಂಥ ರಕ್ತನಾಳ ಹುಡುಕಿ ಒಂದೇ ಸಲಕ್ಕೆ ಸೂಜಿ ಹಾಕುವುದರಲ್ಲಿ ಅವಳದು ಎತ್ತಿದ ಕೈ. ಮಳೆಗಾಲ ಶುರುವಾದಾಗಿನಿಂದ ಅವಳಿಗೆ ನೈಟ್ ಡ್ಯೂಟಿ. ರಾತ್ರಿಯ ನರ್ಸೊಬ್ಬಳು ಬಾಣಂತನಕ್ಕೆ ಹೋದವಳು ತಿರುಗಿ ಬಂದಿರಲಿಲ್ಲ. ಗಂಡ ಪೂರ್ಣೇಶ್ ಹೊಸನಗರದಲ್ಲಿ ಬೈಕಿನ ಬಿಡಿಭಾಗಗಳ ಅಂಗಡಿ ಇಟ್ಟವನು. ಬೆಳಿಗ್ಗೆ ಹೆಂಡತಿ ಬರುವಷ್ಟರಲ್ಲಿ ಹೊರಟಿರುತ್ತಿದ್ದ, ರಾತ್ರಿ ಅವನು ಬರುವಷ್ಟರಲ್ಲಿ ಅವಳು ಹೊರಟಿರುತ್ತಿದ್ದಳು. ಹಾಗಾಗಿ ಮನೆಯಲ್ಲಿ ಉಳಿಯುತ್ತಿದ್ದದ್ದು ಅತ್ತೆ, ಸೊಸೆ ಇಬ್ಬರೇ.

ರಾತ್ರಿಯಿಡೀ ದುಡಿದು ಬಂದವಳು ಬಂದಕೂಡಲೇ ಮಲಗಬೇಕಲ್ಲವೇ? ಆದರೆ ಬಿಸಿಲೇರುವ ಹೊತ್ತಿಗೆ ಸೊಸೆ ಹಾಸಿಗೆ ಹಾಸಿದರೆ ನೋಡಿದವರು ಏನಂದಾರು? ಹಾಗೆಂದು ಮೂಕಮ್ಮ ಬಾಯಿಬಿಟ್ಟು ಹೇಳಲಿಲ್ಲ. ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಟ್ಟಳು, ಅಷ್ಟೇ. ಸ್ಪಂದನಾಗೆ ಅರ್ಥವಾಯಿತು. ಮನೆಕೆಲಸ, ಅಡುಗೆ, ಊಟ ಎಲ್ಲಾ ಮುಗಿಸಿಯೇ ಅವಳು ತಲೆ ಕೆಳಗಿಡುತ್ತಿದ್ದಳು. ಕಣ್ಣು ಹತ್ತಿ ನಿದ್ದೆ ಗಟ್ಟಿಯಾಗುವಷ್ಟರಲ್ಲಿ ಮೂರ್ಸಂಜೆ.

ಮೂರ್ಸಂಜೆಯಲ್ಲಿ, ದೀಪ ಹಚ್ಚುವಾಗ, ಮನೆಯಲ್ಲಿ ಯಾರೂ ಅಡ್ಡಬಿದ್ದಿರಬಾರದು. ಲಕ್ಷ್ಮಿ ಒಳಗೆ ಬರುವ ಹೊತ್ತು, ಮಲಗಿದವರನ್ನು ನೋಡಿದರೆ ಬಂದ ದಾರಿಯಲ್ಲೇ ತಿರುಗುತ್ತಾಳೆ. ಈ ಮಾತನ್ನು ಎಲ್ಲ ಮನೆಯವರೂ ಹೇಳುತ್ತಾರೆ, ಮೂಕಮ್ಮ ಮಾತ್ರ ಅದನ್ನು ಎದೆಗೆ ಕಟ್ಟಿಕೊಂಡಿದ್ದಳು. ಕಾರಣವೂ ಇತ್ತು. ಅವಳ ಗಂಡ ಹೂವಯ್ಯ ಒಂದು ಸಂಜೆ ಗದ್ದೆಯಿಂದ ಬಂದವನು, 'ತಲೆನೋವು ಕಣೆ, ಒಂದು ಗಳಿಗೆ ಮಲ್ಕೊತೀನಿ' ಎಂದು ಮಲಗಿದ್ದ. ಇವಳು ದೀಪ ಹಚ್ಚಿ, ಪಾಪ ಮಲಗಲಿ ಎಂದು ಎಬ್ಬಿಸದೆ ಬಿಟ್ಟಳು. ಅವನು ಮತ್ತೆ ಏಳಲೇ ಇಲ್ಲ. ಅಂದಿನಿಂದ ಆ ಹೊತ್ತಿನಲ್ಲಿ ಯಾರಾದರೂ ಕಣ್ಣು ಮುಚ್ಚಿದ್ದರೆ ಅವಳ ಎದೆ ನಡುಗುತ್ತಿತ್ತು. ಆದರೆ ಹೆದರಿಕೆಯನ್ನು ಹೆದರಿಕೆ ಎಂದು ಹೇಳಲು ಅವಳಿಗೆ ಬರುತ್ತಿರಲಿಲ್ಲ, ಬರುತ್ತಿದ್ದದ್ದು ಬೈಗುಳ ಮಾತ್ರ.

ದಿನವೂ ಸೊಸೆಯ ಕೋಣೆಯ ಬಾಗಿಲು ತಳ್ಳಿ, ಹೊಸಿಲಲ್ಲೇ ನಿಂತು ದೀಪಕ್ಕೆಂದು ಬೆಂಕಿಕಡ್ಡಿ ಗೀರುವಳು. ಆ ಸದ್ದಿಗೇ ಸೊಸೆಗೆ ಎಚ್ಚರ. "ಮಲ್ಗು, ಮಲ್ಗು ಮಾರಾಯ್ತಿ! ಲಕ್ಷ್ಮಿ ಬಂದು ನಿನ್ನ ಕಾಲೊತ್ತಿ ಹೋಗ್ತಾಳೆ!"

"ಎದ್ದೆ ಅತ್ತೆ, ಎದ್ದೆ," ಎನ್ನುತ್ತಾ ಸ್ಪಂದನಾ ಹಾಸಿಗೆ ಸುತ್ತುತ್ತಿದ್ದಳು. ಒಂದು ದಿನವೂ ಎದುರಾಡಿದವಳಲ್ಲ.

ಮಳೆ ಹಿಡಿದ ಮೇಲೆ ಅವಳ ಬಲಗೈ ಬೆರಳುಗಳಲ್ಲಿ ಜುಮುಜುಮು ಶುರುವಾಯಿತು. ಆಮೇಲೆ ಉರಿ. ಬರಬರುತ್ತಾ ಸೆರಗು ತಾಗಿದರೂ ಕೆಂಡ ತಾಗಿದಂತೆ ಕೈ ಎಳೆದುಕೊಳ್ಳುವಳು. ಬಳೆ ತೆಗೆದಿಟ್ಟಳು. ಒಂದು ದಿನ ಕಡುಬಿನ ಪಾತ್ರೆ ಕೈಜಾರಿ, ಕಡುಬೆಲ್ಲ ನೆಲದ ಪಾಲಾಯಿತು.

"ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ," ಎಂದಳು ಮೂಕಮ್ಮ. "ನಾನು ಮೂರು ಹೆತ್ತೆ. ಒಂದು ಸಲ ಅಯ್ಯೋ ಅಂದಿದ್ರೆ ಕೇಳು."

ಮನೆಯಲ್ಲಿ ಅಂದದ್ದು ಸಾಲಲಿಲ್ಲ. ಹೆಂಗಸರ ಸಂಘದ ಸಭೆಯಲ್ಲಿ, ಎಲ್ಲರೂ ಚಹಾ ಕುಡಿಯುವಾಗ, "ನಮ್ಮನೆ ಸೊಸೆ ಕೈಗೆ ವಿಚಿತ್ರ ನೋವು ಬಂದಿದೆ ಮಾರಾಯ್ರೆ. ಮೊಬೈಲ್ ಹಿಡಿದ್ರೆ ಇಲ್ಲ, ಸೌಟು ಹಿಡಿದ್ರೆ ಮಾತ್ರ ಬರ್ತದೆ," ಎಂದಳು. ಎಲ್ಲರೂ ನಕ್ಕರು. ಪಕ್ಕದ ಮನೆಯ ದುರ್ಗಮ್ಮ ಚಹಾ ನೆತ್ತಿಗೇರುವಷ್ಟು ನಕ್ಕಳು. ಎಲುಬಿಲ್ಲದ ನಾಲಿಗೆ, ಎತ್ತ ಬೇಕಾದರೂ ಹೊರಳುತ್ತದೆ. ಅಂದು ಅಷ್ಟು ಜನ ನಕ್ಕರಲ್ಲಾ ಎಂದು ಮೂಕಮ್ಮ ಹಿಗ್ಗಿ ಮನೆಗೆ ಬಂದಿದ್ದಳು.

ಅದೇ ವಾರ ಸ್ಪಂದನಾ ಒಂದು ಕೂಸಿಗೆ ಸೂಜಿ ಹಾಕುವಾಗ ಬೆರಳು ಮಾತು ಕೇಳಲಿಲ್ಲ. ಚುಚ್ಚಿದಳು, ತಪ್ಪಿತು. ಮತ್ತೆ ಚುಚ್ಚಿದಳು, ಮತ್ತೆ ತಪ್ಪಿತು. ಕೂಸಿನ ತಾಯಿ ಇವಳ ಕೈಯನ್ನೇ ತಳ್ಳಿಬಿಟ್ಟಳಂತೆ. ಕೈ ಸರಿಯಾಗದಿದ್ದರೆ ವಾರ್ಡ್ ಕೆಲಸ ಬಿಟ್ಟು ಚೀಟಿ ಬರೆಯುವ ಕೌಂಟರಿನಲ್ಲಿ ಕೂರಬೇಕು ಎಂದು ಮೇಲಿನವರು ಹೇಳಿದರು. ಅವಳು ಅತ್ತದ್ದನ್ನು ಮೂಕಮ್ಮ ನೋಡಿದ್ದು ಅದೇ ಮೊದಲು. ಆಗಲೂ ಈ ಹೆಂಗಸಿಗೆ ಅನ್ನಿಸಿದ್ದೇನು ಗೊತ್ತೇ? ಅಬ್ಬಾ, ನಾಟಕವೇ!

ನರಗಳ ಡಾಕ್ಟರ್ ವಿನಯಾ ಪ್ರತಿ ಬುಧವಾರ ಸಾಗರದಿಂದ ಆ ನರ್ಸಿಂಗ್ ಹೋಮಿಗೆ ಬರುತ್ತಿದ್ದರು. ಅವರಿಗೆ ತೋರಿಸುವುದೆಂದಾಯಿತು. "ನಾನೂ ಬರ್ತೀನಿ," ಎಂದು ಮೂಕಮ್ಮ ಒಳ್ಳೆಯ ಸೀರೆ ಉಟ್ಟು ಹೊರಟಳು. ಸೊಸೆಯ ಮೇಲಿನ ಕರುಣೆಯಿಂದಲ್ಲ. 'ನಿನಗೇನೂ ಆಗಿಲ್ಲ, ಎದ್ದು ಕೆಲಸ ನೋಡು' ಎಂದು ಓದಿದವರೊಬ್ಬರು ಗದರುವುದನ್ನು ಕಿವಿಯಾರೆ ಕೇಳಬೇಕಿತ್ತು ಅವಳಿಗೆ. ಕೇಳಿ, ಬಂದು, ಸಂಘದಲ್ಲಿ ಹೇಳಬೇಕಿತ್ತು.

ಸ್ಪಂದನಾಳ ಕೈಗೆ ತಂತಿ ಅಂಟಿಸಿ, ಸಣ್ಣಗೆ ಕರೆಂಟು ಹಾಯಿಸಿ ನರದ ಓಟ ನೋಡಿದ್ದಾಯಿತು. ಡಾಕ್ಟರು ಕಾಗದವನ್ನೂ ಅವಳ ಮುಖವನ್ನೂ ಬದಲಿಸಿ ಬದಲಿಸಿ ನೋಡಿದರು.

"ಮಣಿಕಟ್ಟಿನ ಹತ್ರ ನರ ಸ್ವಲ್ಪ ಒತ್ತಿದೆ. ಸ್ವಲ್ಪವೇ. ಆದ್ರೆ ನೀವು ಹೇಳೋ ನೋವು ಅದಕ್ಕೆ ಹೊಂದ್ತಾ ಇಲ್ಲ, ತುಂಬಾ ಜಾಸ್ತಿ."

ಮೂಕಮ್ಮನ ಎದೆ ಹಿಗ್ಗಿತು. ಹೇಳಿರಲಿಲ್ಲವೇ ನಾನು!

"ಅಂದ್ರೆ ಸುಳ್ಳು ನೋವಾ ಡಾಕ್ಟ್ರೇ?" ಎಂದು ಕೇಳಿಯೂ ಬಿಟ್ಟಳು.

"ಸುಳ್ಳು ನೋವು ಅಂತ ಇರಲ್ಲ ಅಮ್ಮ," ಎಂದರು ವಿನಯಾ ಮೆತ್ತಗೆ. "ಬರೋ ನೋವನ್ನ ತಗ್ಗಿಸೋ ಕೆಲಸ ಮಿದುಳು ಮಾಡ್ತದೆ, ರೇಡಿಯೋ ಸದ್ದು ಸಣ್ಣ ಮಾಡಿದ ಹಾಗೆ. ಸರಿಯಾಗಿ ನಿದ್ದೆ ಇಲ್ದಿದ್ರೆ ಆ ತಿರುಗಣೆ ಕೆಲಸ ಮಾಡಲ್ಲ. ಸಣ್ಣ ನೋವೂ ದೊಡ್ಡದಾಗಿ ಕೇಳ್ತದೆ. ರಾತ್ರಿಪಾಳಿ ಮಾಡೋರಲ್ಲಿ ಇದನ್ನ ನೋಡ್ತಾನೇ ಇರ್ತೀವಿ." ಆಮೇಲೆ ಸ್ಪಂದನಾ ಕಡೆ ತಿರುಗಿದರು. "ಹಗಲು ನಿದ್ದೆ ಹೇಗೆ? ಯಾರಾದ್ರೂ ಮಧ್ಯೆ ಎಬ್ಬಿಸ್ತಾರಾ?"

ಮೂಕಮ್ಮನ ಹಿಗ್ಗಿದ ಎದೆ ಅಲ್ಲೇ ನಿಂತಿತು. ಈಗ ಹೇಳುತ್ತಾಳೆ, ಎಲ್ಲಾ ಹೇಳುತ್ತಾಳೆ ಎಂದು ಸೊಸೆಯ ಬಾಯಿಯನ್ನೇ ನೋಡಿದಳು.

"ಇಲ್ಲ ಮೇಡಂ. ಚೆನ್ನಾಗಿ ಮಲಗ್ತೀನಿ," ಎಂದಳು ಸ್ಪಂದನಾ. "ನಮ್ಮತ್ತೆ ಒಂದು ಸದ್ದೂ ಆಗದ ಹಾಗೆ ನೋಡ್ಕೊತಾರೆ."

"ಪುಣ್ಯವಂತೆ ನೀವು. ಇಂಥ ಅತ್ತೆ ಎಲ್ರಿಗೂ ಸಿಗಲ್ಲ," ಎಂದು ಡಾಕ್ಟರು ಮೂಕಮ್ಮನನ್ನು ನೋಡಿ ನಕ್ಕರು.

ಕಪಾಳಕ್ಕೆ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದಳು. ಬೈಸಿಕೊಳ್ಳುವುದೂ ಗೊತ್ತಿತ್ತು, ತಿರುಗಿಸಿ ಬೈಯುವುದೂ ಗೊತ್ತಿತ್ತು. ತನ್ನದಲ್ಲದ ಹೊಗಳಿಕೆಯನ್ನು ಎಲ್ಲಿಡುವುದೆಂದು ಗೊತ್ತಾಗಲಿಲ್ಲ. ಕಿವಿ ಬಿಸಿಯಾಯಿತು. ಸಂಘದಲ್ಲಿ ನಕ್ಕ ಮುಖಗಳೆಲ್ಲ ಕಣ್ಣೆದುರು ಬಂದವು. ಹೆಸರಿಗೆ ತಕ್ಕಂತೆ ಮೂಕಮ್ಮ ಮೂಕಿಯಾದಳು.

"ನಿದ್ದೆ ಸರಿ ಇದ್ದೂ ಇಷ್ಟು ನೋವಿದ್ರೆ ಕಾಯೋದು ಬೇಡ," ಡಾಕ್ಟರು ಪೆನ್ನು ತೆಗೆದುಕೊಂಡರು. "ಶಿವಮೊಗ್ಗಕ್ಕೆ ಬರೆದುಕೊಡ್ತೀನಿ. ಮಣಿಕಟ್ಟು ಕುಯ್ದು ನರ ಬಿಡಿಸ್ತಾರೆ. ಆದ್ರೆ ನಿಮ್ಮಂಥ ಕೈಕೆಲಸದವರಿಗೆ ಮೊದಲಿನ ಹಿಡಿತ ಪೂರ್ತಿ ಬರ್ತದೆ ಅಂತ ನಾನು ಮಾತು ಕೊಡಕ್ಕಾಗಲ್ಲ."

ಸ್ಪಂದನಾ ತಲೆಯಾಡಿಸಿದಳು. ಚೀಟಿ ತೆಗೆದುಕೊಂಡು ಎದ್ದಳು. ಮೂಕಮ್ಮನೂ ಎದ್ದಳು. ಸುಮ್ಮನೆ ಹೊರಗೆ ಹೋದರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ, ಒಳ್ಳೆಯ ಅತ್ತೆ ಎಂಬ ಹೆಸರೂ ಉಳಿಯುತ್ತದೆ. ಹಾಗೆ ಒಂದು ಕ್ಷಣ ಯೋಚಿಸಿದ್ದಳು ಎಂಬುದೇ ಮುಂದೆ ಅವಳನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು.

ಬಾಗಿಲು ತೆರೆದಿತ್ತು. ಹೊರಗೆ ಬೆಂಚಿನ ಮೇಲೆ ಕಾಯುವವರು ಸಾಲಾಗಿ ಕೂತಿದ್ದರು, ಅದರಲ್ಲಿ ಮೇಳಿಗೆ ಕಡೆಯ ಗುರುತಿನವರೂ ಇದ್ದರು. ಸ್ಪಂದನಾ ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದುಕೊಂಡೇ ಹೊಸಿಲು ದಾಟುತ್ತಿದ್ದಳು.

"ಸುಳ್ಳು!" ಎಂದು ಮೂಕಮ್ಮ ಕೂಗಿಯೇಬಿಟ್ಟಳು. ಬೆಂಚಿನವರೆಲ್ಲ ತಿರುಗಿದರು. "ಸುಳ್ಳು ಹೇಳ್ತಿದಾಳೆ ಡಾಕ್ಟ್ರೇ! ಅವಳು ಮಲಗಲ್ಲ. ನಾನು ಮಲಗಕ್ಕೆ ಬಿಡಲ್ಲ. ಮಧ್ಯಾಹ್ನದವರೆಗೆ ಕೆಲಸ ಮಾಡಿಸ್ತೀನಿ, ಕಣ್ಣು ಹತ್ತೋ ಹೊತ್ತಿಗೆ ಬೈದು ಎಬ್ಬಿಸ್ತೀನಿ. ದಿನಾ. ಮಳೆ ಶುರುವಾದಾಗಿಂದ. ಕೈ ಕುಯ್ಯಬೇಡಿ, ತಪ್ಪು ನಂದು."

"ಅತ್ತೆ, ಬಿಡಿ, ಎಲ್ರೂ ನೋಡ್ತಿದಾರೆ," ಎಂದು ಸ್ಪಂದನಾ ಪಿಸುಗುಟ್ಟಿದಳು. ಆಗಲೂ ಅವಳಿಗೆ ಅತ್ತೆಯ ಮಾನದ್ದೇ ಚಿಂತೆ.

ಡಾಕ್ಟರು ಇಬ್ಬರನ್ನೂ ಒಳಗೆ ಕರೆದು ಕೂರಿಸಿ, ಬಾಗಿಲು ಹಾಕಿದರು. ಚೀಟಿ ಹಿಂದೆ ಪಡೆದರು. ಆಗಲೇ ಮೂಕಮ್ಮ ಆ ಕುರ್ಚಿಯ ತುದಿಗೆ ಕೂತು ಸೆರಗು ಹಿಂಡುತ್ತಿದ್ದದ್ದು. ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಮಣಿಕಟ್ಟಿಗೆ ಪಟ್ಟಿ ಕಟ್ಟಿಸಿದರು, ಮಾತ್ರೆ ಬರೆದರು, ರಜೆಗೂ ಬರೆದುಕೊಟ್ಟರು. "ಆಪರೇಷನ್ ಮಾತು ಈಗ ಬೇಡ. ಮೊದಲು ನಿದ್ದೆ. ಕೋಣೆ ಕತ್ತಲೆ ಮಾಡಿ ಮಲಗಲಿ. ತಾನಾಗಿ ಎಚ್ಚರ ಆಗೋವರೆಗೆ ಯಾರೂ ಎಬ್ಬಿಸಬಾರದು," ಎಂದಷ್ಟೇ ಹೇಳಿದರು.

ರಾತ್ರಿ ಎಚ್ಚರವಿರುವುದೇ ರೂಢಿಯಾಗಿ ಸ್ಪಂದನಾಗೆ ಅಂದೂ ನಿದ್ದೆ ಬರಲಿಲ್ಲ. ಮರುದಿನ ಬೆಳಿಗ್ಗೆ ಅವಳು ಕಿಟಕಿಗೆ ಕಟ್ಟಲು ಬಟ್ಟೆ ಹುಡುಕುತ್ತಿದ್ದಾಗ ಮೂಕಮ್ಮ ಪೆಟ್ಟಿಗೆಯಿಂದ ಹೂವಯ್ಯನ ಕರಿ ಕಂಬಳಿ ತೆಗೆದು ತಾನೇ ಮೊಳೆ ಹೊಡೆದು ಕಟ್ಟಿದಳು. ಪಾತ್ರೆಗಳನ್ನು ಬಟ್ಟೆಯ ಮೇಲೆ ಬೋರಲು ಹಾಕಿದಳು. ಊಟದ ಹೊತ್ತು ಹೋಯಿತು, ಚಹಾದ ಹೊತ್ತು ಹೋಯಿತು, ಸೊಸೆ ಏಳಲಿಲ್ಲ. ತಿಂಗಳುಗಟ್ಟಲೆಯ ನಿದ್ದೆಯಲ್ಲವೇ? ಹೊತ್ತಿಳಿಯುತ್ತಾ ಬಂದಂತೆ ಮೂಕಮ್ಮನ ಎದೆ ಹಳೆಯ ಹಾಗೇ ನಡುಗತೊಡಗಿತು. ಮೂರು ಸಲ ಬಾಗಿಲಿಗೆ ಕಿವಿಯಿಟ್ಟು ಉಸಿರು ಕೇಳಿ ಬಂದಳು.

ಅಷ್ಟರಲ್ಲಿ ದುರ್ಗಮ್ಮ ಬಂದಳು. "ಮೂಕಕ್ಕಾ, ನಿನ್ನ ಸೊಸೆ ಎಲ್ಲೇ? ಈ ಹೊತ್ತಲ್ಲೂ ಮಲಗಿದಾಳಾ? ಸೌಟು ತೋರ್ಸು, ಎದ್ದು ಓಡ್ತಾಳೆ!"

ತನ್ನದೇ ಮಾತು, ತನ್ನದೇ ನಗು, ತನ್ನದೇ ಜಗಲಿಗೆ ಬಂದಿತ್ತು.

"ಮೆತ್ತಗೆ ಮಾತಾಡೇ," ಎಂದಳು ಮೂಕಮ್ಮ. "ಮಲಗು ಅಂದವಳು ನಾನೇ. ಅವಳ ನೋವು ನಿಜ. ಸಂಘದಲ್ಲಿ ನಾನು ಆಡಿದ್ದೇ ಸುಳ್ಳು. ಮುಂದಿನ ಸಭೇಲಿ ಎಲ್ರೆದುರಿಗೂ ಹೇಳ್ತೀನಿ."

ದುರ್ಗಮ್ಮ ಜಗಲಿ ಇಳಿದು ಹೊರಟುಹೋದಳು. ಮೂಕಮ್ಮ ಕಾಲು ತೊಳೆದು ದೇವರ ಮುಂದೆ ನಿಂತಳು. ಎಬ್ಬಿಸುವುದಿಲ್ಲ ತಾಯೀ, ನೀನು ಒಳಗೆ ಬಂದರೆ ಬಾ, ಬೇಡವಾದರೆ ಬಿಡು ಎಂದುಕೊಂಡಳು. ಉಸಿರು ಬಿಗಿಹಿಡಿದು, ಸದ್ದಾಗದ ಹಾಗೆ ಬೆಂಕಿಕಡ್ಡಿ ಗೀರಿದಳು.

"ಎದ್ದೆ ಅತ್ತೆ, ಎದ್ದೆ!"

ಒಳಗಿನಿಂದ ಗಾಬರಿಯ ದನಿ. ಬಾಗಿಲು ತೆರೆಯಿತು. ಕೂದಲು ಕೆದರಿಕೊಂಡು, ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು, ಪೂರ್ತಿ ತೆರೆಯದ ಕಣ್ಣಲ್ಲಿ ಸ್ಪಂದನಾ ನಿಂತಿದ್ದಳು. ಕಡ್ಡಿ ಮೂಕಮ್ಮನ ಬೆರಳವರೆಗೆ ಉರಿದು ಚುರ್ ಎಂದಿತು.

"ಮಲ್ಗು," ಎಂದಳು ಮೂಕಮ್ಮ. "ಮಲ್ಗು ಮಗಾ."

"ಬೈಬೇಡಿ ಅತ್ತೆ, ಎದ್ದಾಯ್ತಲ್ಲ," ಎಂದು ಸ್ಪಂದನಾ ಬಗ್ಗಿ, ಒಂದೇ ಕೈಯಲ್ಲಿ ಹಾಸಿಗೆ ಸುತ್ತತೊಡಗಿದಳು.