ಗೋಣಿಯಲ್ಲಿ ಉಳಿದ ತಗಡು

ಶುಕ್ರವಾರ ಬೆಳಿಗ್ಗೆ ಇದ್ರೀಸ್ ಗೋಣಿ ಕೊಡವಿದಾಗ ಒಂದು ತಗಡು ಕೆಳಗೆ ಬಿತ್ತು. ಹೆಬ್ಬೆರಳಿನಷ್ಟು ಉದ್ದ, ಎರಡು ತೂತು. ಎತ್ತಿಕೊಂಡು ಅದರ ಅಂಚಿನ ಮೇಲೆ ಉಗುರು ಆಡಿಸಿದ. ಹಳೆಯದಾಗಿದ್ದರೆ ಮಡಚಿದ ಗುರುತು ಉಗುರಿಗೆ ಸಿಗಬೇಕಿತ್ತು. ಸಿಗಲಿಲ್ಲ. ಹೊಸದೇ.

ಕಾಪುವಿನ ಹೆದ್ದಾರಿ ಬದಿಯಲ್ಲಿ, ಮನೆಯ ಮುಂದಿನ ಚಪ್ಪರವೇ ಅವನ ಗ್ಯಾರೇಜು. ಮೂರು ದಿನ ಅಲ್ಲಿ ಬಿಚ್ಚಿಟ್ಟಿದ್ದ, ಕಾರ್ಕಳದ ಟ್ಯಾಕ್ಸಿಯವ ಸುಂದರನ ಡೀಸೆಲ್ ಅಂಬಾಸಿಡರ್ ನಿನ್ನೆ ಸಂಜೆ ಹೋಗಿತ್ತು. ಎಂಜಿನ್ನಿನ ನಾಲ್ಕು ಕನೆಕ್ಟಿಂಗ್ ರಾಡುಗಳಿಗೆ ಇದ್ರೀಸ್ ನಾಲ್ಕು ಹೊಸ ತಗಡು ತಂದಿದ್ದ. ರಾಡಿನ ಎರಡು ಬೋಲ್ಟುಗಳ ಅಡಿಯಲ್ಲಿ ತಗಡು ಕೂರಿಸಿ, ಬಿಗಿದು, ಅದರ ಅಂಚಿನ ಕಿವಿಯನ್ನು ಬೋಲ್ಟಿನ ತಲೆಗೆ ಮಡಚಿದರೆ ಬೋಲ್ಟು ಮತ್ತೆ ಸಡಿಲವಾಗುವುದಿಲ್ಲ. ತಗಡಿಲ್ಲದೆಯೂ ಎಂಜಿನ್ ಓಡುತ್ತದೆ. ಐವತ್ತು ಮೈಲಿಯೋ ಐದು ಸಾವಿರ ಮೈಲಿಯೋ, ಹೇಳುವ ಹಾಗಿಲ್ಲ. ಆಮೇಲೆ ಒಂದು ದಿನ ಬೋಲ್ಟು ಕಳಚಿ, ರಾಡು ಎಂಜಿನ್ನಿನ ಹೊಟ್ಟೆ ಸೀಳಿಕೊಂಡು ಹೊರಗೆ ಬರುತ್ತದೆ, ಚಕ್ರಗಳು ಕಚ್ಚಿಕೊಳ್ಳುತ್ತವೆ.

ಸುಂದರ ಇವತ್ತು ಹತ್ತು ಗಂಟೆಗೆ ಕಾರ್ಕಳದಿಂದ ಜನ ತುಂಬಿಕೊಂಡು ಕುದುರೆಮುಖದ ಘಾಟಿ ಹತ್ತುವವನಿದ್ದ.

ಇದ್ರೀಸ್ ತಗಡನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಬಸ್ಸಿಗೆ ಓಡಿದ. ಪಡುಬಿದ್ರಿಯಲ್ಲಿ ಇಳಿದು ಕಾರ್ಕಳದ ಬಸ್ಸು ಹಿಡಿದ. ಕಿಟಕಿಯ ಬದಿಯಲ್ಲಿ ಕುಳಿತ ಮೇಲೆ, ಇದು ಹೇಗೆ ಉಳಿಯಿತೆಂದು ಹುಡುಕಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಸಾಮಾನನ್ನು ಎಣಿಸಿ ಜೋಡಿಸುವ ಅಭ್ಯಾಸ ಅವನಿಗೆ ಇರಲಿಲ್ಲ. ಚಿಕ್ಕಂದಿನಲ್ಲಿ ಮಸೀದಿಯ ಮಜಲಿಸಿನಲ್ಲಿ ಹಿರಿಯರ ಜೊತೆ ಕುಳಿತು ಕಿವಿಯಿಂದಲೇ ಕಲಿತ ಬೈತು ಒಂದಿತ್ತು, ಎರಡೆರಡು ಸಾಲಿನ ಹಾಡು. ಬಿಚ್ಚಿದ ಸಾಮಾನನ್ನು ಗೋಣಿಯ ಮೇಲೆ ಸಾಲಾಗಿ ಇಟ್ಟು, ಆ ಬೈತು ಹೇಳುತ್ತಾ ಜೋಡಿಸುವನು. ಮೊದಲ ಸಾಲು ಅವನದು, ಎರಡನೆಯದು ಒಳಗಿನಿಂದ ಹೆಂಡತಿ ಖತೀಜಾಳದು. ಅವನ ಸಾಲಿಗೆ ತಗಡು, ಅವಳ ಸಾಲಿಗೆ ಬೋಲ್ಟು. ರುಬ್ಬುವ ಕಲ್ಲಿನ ಸದ್ದಿನ ನಡುವೆಯೂ ಅವಳ ಸಾಲು ತಪ್ಪದೆ ಬರುತ್ತಿತ್ತು. ಬೈತು ಮುಗಿಯುವಾಗ ಗೋಣಿ ಬರಿದಾಗಿರುತ್ತಿತ್ತು. ಮೂವತ್ತು ವರ್ಷ ಹಾಗೆಯೇ ನಡೆದಿತ್ತು. ಅವಳು ತೀರಿಕೊಂಡ ಮೇಲೆ ಅವನು ಮುಟ್ಟಿದ ಮೊದಲ ಎಂಜಿನ್ ಇದು.

ಮೊದಲ ಎರಡು ರಾಡಿಗೆ ಅವಳ ಸಾಲನ್ನೂ ತಾನೇ ಹೇಳಿಕೊಂಡಿದ್ದ. ಮೂರನೆಯದಕ್ಕೆ ತನ್ನ ಸಾಲು ಹೇಳಿ, ತಗಡು ಹಿಡಿದುಕೊಂಡು, ಒಳಗಿನಿಂದ ಬರಬೇಕಾದ ಸಾಲಿಗೆ ಕಾದ. ಎಷ್ಟು ಹೊತ್ತು ಕಾದನೋ ನೆನಪಿಲ್ಲ. ಕೈಯಲ್ಲಿದ್ದುದನ್ನು ಗೋಣಿಯ ಮಡಿಕೆಯ ಮೇಲಿಟ್ಟು ಕಣ್ಣು ಒರೆಸಿಕೊಂಡದ್ದು ನೆನಪಿದೆ. ಮುಂದೆ ಎತ್ತಿಕೊಂಡದ್ದು ಬೋಲ್ಟು.

ಜುಮಾ ನಮಾಜು ತಪ್ಪುತ್ತದೆ ಎಂದು ಹೊಳೆದದ್ದು ಬಸ್ಸು ಬೆಳ್ಮಣ್ ದಾಟಿದ ಮೇಲೆ.

ಕಾರ್ಕಳದ ಸ್ಟ್ಯಾಂಡಿನಲ್ಲಿ ಅಂಬಾಸಿಡರ್ ಸ್ಟಾರ್ಟಾಗಿಯೇ ನಿಂತಿತ್ತು. ಹಿಂದೆ ಗಣಿಯ ಕೆಲಸದವರು ಮೂವರು. ಅವರ ಪಕ್ಕ ಇಮೆಲ್ಡಾ ಬಾಯಿ, ಮಡಿಲಲ್ಲಿ ಕುದುರೆಮುಖದಲ್ಲಿರುವ ಮಗಳಿಗೆಂದು ಒಯ್ಯುತ್ತಿದ್ದ ಉಪ್ಪಿನಕಾಯಿಯ ಭರಣಿ.

"ಎಂತ ಬ್ಯಾರಿಗಳೇ, ಕಾರು ನೋಡದೆ ನಿದ್ದೆ ಬರ್ಲಿಲ್ವಾ?" ಎಂದ ಸುಂದರ.

"ಎಂಜಿನ್ ಬಂದ್ ಮಾಡಿ ಸುಂದರಣ್ಣ. ಮೂರನೇ ರಾಡಿನ ತಗಡು ನನ್ನಲ್ಲೇ ಉಳಿದುಂಟು."

ಸುಂದರ ಅದನ್ನು ತೆಗೆದುಕೊಂಡು ತಿರುಗಿಸಿ ನೋಡಿದ. "ಇದಾ? ಇದು ನನ್ನ ಹೆಂಡತಿಯ ಕಿವಿಗೆ ಹಾಕ್ಲಿಕ್ಕೂ ಸಾಲದು ಮಾರಾಯ್ರೇ. ಗ್ಯಾರೇಜು ಅಂದ ಮೇಲೆ ಉಳಿದ ಸಾಮಾನಿನ ಡಬ್ಬಿ ಒಂದು ಇರ್ತದೆ. ಬಜಗೋಳಿಯ ಬ್ಯಾಪ್ಟಿಸ್ಟನ ಡಬ್ಬಿಯಲ್ಲಿ ಇನ್ನೊಂದು ಕಾರೇ ಉಂಟು."

"ನನ್ನಲ್ಲಿ ಡಬ್ಬಿ ಇಲ್ಲ."

"ಕೇಳಿ, ಹೇಗೆ ಓಡ್ತಾ ಉಂಟು. ನಿನ್ನೆ ಕಾಪುವಿನಿಂದ ಬಂದದ್ದೇ ಗೊತ್ತಾಗ್ಲಿಲ್ಲ."

"ಚೆನ್ನಾಗಿಯೇ ಓಡ್ತದೆ. ಕಳಚುವವರೆಗೂ ಚೆನ್ನಾಗಿಯೇ ಓಡ್ತದೆ."

ಸುಂದರ ಕೆಳಗಿಳಿದು ಅವನ ಹೆಗಲಿಗೆ ಕೈ ಹಾಕಿದ. ದನಿ ತಗ್ಗಿಸಿದ. "ಮನೆಯವರು ಹೋಗಿ ಎರಡು ತಿಂಗಳು ಆಗ್ಲಿಲ್ಲ. ನಿಮ್ಮ ಮನಸ್ಸು ಸರಿ ಇಲ್ಲ, ನನಗೆ ಗೊತ್ತಾಗ್ತದೆ. ಅಂಗಡಿಯವ ನಾಲ್ಕರ ಬದಲು ಐದು ಕೊಟ್ಟಿರಬಹುದು, ಅಲ್ವಾ?"

"ನಾಲ್ಕೇ."

"ಸರಿ, ನಾಳೆ ಬಿಚ್ಚುವ. ಇವತ್ತು ಒಂದು ಟ್ರಿಪ್ಪು ಮಾತ್ರ."

ಇದ್ರೀಸ್ ಹಿಂದಿನ ಕಿಟಕಿಗೆ ಬಗ್ಗಿದ. ಜನರ ಮುಂದೆ ಮಾತಾಡಿ ಅವನಿಗೆ ಅಭ್ಯಾಸವಿರಲಿಲ್ಲ. "ಇವತ್ತು ಈ ಕಾರು ಬೇಡ. ತಪ್ಪು ನನ್ನದು. ನೀವು ಬಸ್ಸಿನಲ್ಲಿ ಹೋಗಿ."

ಕೆಲಸದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಬಸ್ಸು ಕಾದರೆ ಶಿಫ್ಟು ತಪ್ತದೆ," ಎಂದ ಒಬ್ಬ. ಇನ್ನೊಬ್ಬ, "ಸತ್ತರೆ ಶಿಫ್ಟೇ ಇಲ್ಲ, ಆರಾಮ," ಎಂದ. ಮೂವರೂ ನಕ್ಕರು.

ಇಮೆಲ್ಡಾ ಬಾಯಿ ನಗಲಿಲ್ಲ. ಭರಣಿ ಅಪ್ಪಿಕೊಂಡು ಕೆಳಗಿಳಿದರು. "ಸುಳ್ಳು ಹೇಳ್ಲಿಕ್ಕೆ ಅಷ್ಟು ದೂರದಿಂದ ಯಾರಾದ್ರೂ ಬರ್ತಾರಾ? ನನಗೆ ಬಸ್ಸೇ ಸಾಕು."

ಒಬ್ಬರಾದರೂ ಇಳಿದರಲ್ಲ ಎಂದುಕೊಂಡ ಇದ್ರೀಸ್. ಅಷ್ಟರಲ್ಲಿ ಸುಂದರ ಸೀಟಿನಲ್ಲಿ ಕುಳಿತು ಗೇರು ಹಾಕುತ್ತಿದ್ದ. ಉಳಿದವರನ್ನು ತಡೆಯಲು ಇನ್ನೇನೂ ತೋಚದೆ, ಇದ್ರೀಸ್ ಮುಂದಿನ ಬಾಗಿಲು ತೆಗೆದು ಒಳಗೆ ಕುಳಿತ. "ಹಾಗಾದ್ರೆ ನಾನೂ ಬರ್ತೇನೆ. ಸದ್ದು ಬದಲಾದ ಕೂಡಲೇ ಹೇಳ್ತೇನೆ. ನೀವು ನಿಲ್ಲಿಸಬೇಕು."

"ಬನ್ನಿ ಬನ್ನಿ, ಗಾಳಿಯೂ ಸಿಗ್ತದೆ ನಿಮಗೆ."

ಹಿಂದಿನ ಬಾಗಿಲು ಮತ್ತೆ ತೆರೆಯಿತು. ಇಮೆಲ್ಡಾ ಬಾಯಿ ಭರಣಿಯನ್ನು ಮೊದಲು ಒಳಗೆ ದಾಟಿಸಿ, "ಸ್ವಲ್ಪ ಆಚೆ ಸರೀರಿ," ಎನ್ನುತ್ತಾ ಹತ್ತಿದರು. "ಮೆಕ್ಯಾನಿಕ್ಕೇ ಕೂತ್ರಲ್ವಾ, ಇನ್ನೆಂತ."

ಇದ್ರೀಸ್ ಹಿಂತಿರುಗಿದ. "ಬಾಯಮ್ಮ, ನೀವು ಇಳಿಯಿರಿ."

"ನೀವು ಇಳಿಯುವುದಿಲ್ಲ. ನಾನು ಯಾಕೆ ಇಳೀಬೇಕು?"

ಮತ್ತೆ ಎಲ್ಲರೂ ನಕ್ಕರು. ಅವನ ಕೈ ಬಾಗಿಲಿನ ಹಿಡಿಯ ಮೇಲಿತ್ತು, ಆದರೆ ಕಾರು ಸ್ಟ್ಯಾಂಡು ಬಿಟ್ಟಾಗಿತ್ತು. ತಾನು ಇಳಿದರೂ ಇನ್ನು ಅವರು ಇಳಿಯುವುದಿಲ್ಲ. ಮತ್ತು ಸದ್ದು ಕೇಳುವವರು ಯಾರೂ ಇರುವುದಿಲ್ಲ. ಸದ್ದು ಬದಲಾಗುವುದಕ್ಕೂ ರಾಡು ಹೊರಬರುವುದಕ್ಕೂ ನಡುವೆ ಒಂದು ಮಾತು ಹೇಳುವಷ್ಟು ಹೊತ್ತು ಕೂಡ ಇರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅದನ್ನೂ ಹೇಳಿದ. ಸುಂದರ ತಲೆ ಆಡಿಸಿದ, ಹೆಂಡತಿ ಸತ್ತವರ ಮಾತಿಗೆ ಆಡಿಸುವ ಹಾಗೆ.

ಬಜಗೋಳಿ ಹಿಂದೆ ಹೋಯಿತು. ಇದ್ರೀಸ್ ಕಣ್ಣು ಮುಚ್ಚಿ ಎಂಜಿನ್ನಿಗೆ ಕಿವಿ ಕೊಟ್ಟಿದ್ದ. ನಾಲ್ಕೂ ಸಿಲಿಂಡರು ಸಮವಾಗಿ ಬಡಿಯುತ್ತಿದ್ದವು. ತುಟಿಯಲ್ಲಿ ಬೈತಿನ ಮೊದಲ ಸಾಲು ತಾನಾಗಿಯೇ ಬಂತು. ಹೇಳಿ ಮುಗಿಸಿದ. ಎರಡನೆಯ ಸಾಲು ಖತೀಜಾಳದು, ಅದನ್ನು ಅವಳಿಗೇ ಬಿಟ್ಟ.

"ಎಂತ ಬ್ಯಾರಿಗಳೇ," ಹಿಂದಿನಿಂದ ಇಮೆಲ್ಡಾ ಬಾಯಿ ಕೇಳಿದರು, "ಸದ್ದು ಸರಿ ಉಂಟಾ?"

"ಸರಿ ಉಂಟು," ಎಂದ. ಅದು ನಿಜವೇ ಆಗಿತ್ತು, ಕಳಚುವವರೆಗೂ ನಿಜವೇ.

ಘಾಟಿ ಶುರುವಾಗಿ ರಸ್ತೆ ಮೇಲಕ್ಕೆ ಎದ್ದಿತು. ಸುಂದರ ಎರಡನೇ ಗೇರಿಗೆ ಹಾಕಿದ.