ಹೊಸ ಮಷೀನಿನ ಬಾಯಿಗೆ ಬೆಣ್ಣೆ

ಪ್ಲಾಸ್ಮಾ ಕಟರ್ ನಮ್ಮ ಶೆಡ್ಡಿಗೆ ಬಂದ ಬೆಳಿಗ್ಗೆ ನನಗೆ ಚಹಾ ಕುಡಿಯುವುದೇ ಮರೆತುಹೋಯಿತು. ರಾಜಧಾನಿ ಬಿಷ್ಕೆಕ್‌ನಿಂದ ತರಕಾರಿ ವ್ಯಾನಿನಲ್ಲಿ, ಮೂಲಂಗಿ ಮೂಟೆಗಳ ನಡುವೆ ಕೂತು ಬಂದಿತ್ತು ಅದು. ಎತ್ತಿದರೆ ಒಂದು ಕುರಿಮರಿಯ ತೂಕ. ಇಷ್ಟು ಸಣ್ಣ ಪೆಟ್ಟಿಗೆ ಬರೀ ಗಾಳಿ, ಕರೆಂಟು ಸೇರಿಸಿ ಕಬ್ಬಿಣ ಕೊಯ್ಯುತ್ತದೆ ಎಂದರೆ ನಮ್ಮೂರಲ್ಲಿ ಯಾರು ನಂಬುತ್ತಾರೆ? ನಾನು ನಂಬಿದ್ದೆ. ಪಟ್ಟಣದ ತರಬೇತಿ ಶಾಲೆಯಲ್ಲಿ ಹದಿನೇಳು ಗಂಡಸರ ನಡುವೆ ಒಬ್ಬಳೇ ಹೆಂಗಸಾಗಿ ನಲವತ್ತು ದಿನ ಅದರ ಮುಂದೆ ನಿಂತು ಕಲಿತವಳು ನಾನು.

ಮಾವ ನಂಬಿರಲಿಲ್ಲ. ಅವರ ಹೆಸರು ಹೇಳಲಾರೆ, ಕೆಲಿನ್ ಅಂದರೆ ಸೊಸೆಯಾದವಳು ಹೇಳುವಂತಿಲ್ಲ. ಊರೆಲ್ಲ ಅವರನ್ನು ಉಸ್ತಾ ಎನ್ನುತ್ತದೆ, ಅಂದರೆ ಮೇಸ್ತ್ರಿ; ನಾನು ಆತಾ ಎನ್ನುತ್ತೇನೆ, ಅಂದರೆ ಅಪ್ಪ. ನಲವತ್ತು ವರ್ಷ ಸುತ್ತಿಗೆ ಬಡಿದವರು, ಗ್ಯಾಸಿನ ಬೆಂಕಿಯಲ್ಲಿ ಕಬ್ಬಿಣ ಕೊಯ್ದವರು. ಎಡಗೈಯ ಹೆಬ್ಬೆರಳು ಅರ್ಧವೇ ಉಳಿದಿದೆ. ನನ್ನ ಗಂಡ ಲಾರಿ ಓಡಿಸುತ್ತಾನೆ, ಕಬ್ಬಿಣದ ಕೆಲಸವೆಂದರೆ ಅವನಿಗೆ ಅಲರ್ಜಿ. ಹಾಗಾಗಿ ಶೆಡ್ಡಿಗೆ ಮಾವನ ನಂತರ ನಾನೇ ಗತಿ. ಆದರೆ ಅದನ್ನು ಮಾವ ಒಪ್ಪಬೇಕಲ್ಲ.

"ಅದು ಬಂದ ದಿನವೇ ಮಧ್ಯಾಹ್ನ ಸಾಲಿಮಾ ಬರ್ತಾಳೆ. ಅವಳಿಗೆ ಹಿಡಿಸಿದ್ರೆ ಪೆಟ್ಟಿಗೆ ಇರುತ್ತೆ. ಇಲ್ದಿದ್ರೆ ಸಂಜೆ ಅದೇ ವ್ಯಾನು ವಾಪಸ್ ಹೋಗುತ್ತೆ, ಅದರಲ್ಲೇ ಇದೂ ಹೋಗುತ್ತೆ," ಎಂದು ಹಿಂದಿನ ವಾರವೇ ಅಪ್ಪಣೆಯಾಗಿತ್ತು.

ಸಾಲಿಮಾ ಎಜೆ, ಅಂದರೆ ಸಾಲಿಮಾ ಅಕ್ಕ, ಮೇಲಿನ ಹುಲ್ಲುಗಾವಲಿನಲ್ಲಿ ಪ್ರವಾಸಿಗರಿಗಾಗಿ ಹನ್ನೆರಡು ಯುರ್ತ್ ಗುಡಾರ ಹಾಕುವವಳು. ಹನ್ನೆರಡಕ್ಕೂ ಹೊಸ ಒಲೆ ಬೇಕಿತ್ತು. ಒಲೆಯ ಬಾಗಿಲಿನ ಮೇಲೆ ಟಗರು ಕೊಂಬಿನ ಚಿತ್ತಾರ ಕೊರೆದಿರಬೇಕು, ಅದರೊಳಗಿಂದ ಬೆಂಕಿ ಕಾಣಬೇಕು. ಗ್ಯಾಸಿನಲ್ಲಿ ಕೊಯ್ದರೆ ಅಷ್ಟು ತೆಳುವಾದ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಪ್ಲಾಸ್ಮಾ ಬೇಕೇ ಬೇಕು.

ಬೆಳಿಗ್ಗೆಯೇ ಕೆಲಸಕ್ಕೆ ಇಳಿದೆ. ಮೊದಲು ಶೆಡ್ಡಿನಲ್ಲಿದ್ದ ಉಣ್ಣೆಯ ಕಂಬಳಿ, ಸೀಮೆಎಣ್ಣೆ ಡಬ್ಬ, ಬಣ್ಣದ ಡಬ್ಬ ಎಲ್ಲವನ್ನೂ ಹೊರಗೆ ಸಾಗಿಸಿದೆ. ಮರಳಿನ ಬಕೆಟ್ ತಂದಿಟ್ಟೆ. ಮೈಮೇಲಿದ್ದ ನೈಲಾನ್ ಸ್ವೆಟರ್ ಕಿತ್ತೆಸೆದು ಹತ್ತಿ ಅಂಗಿ, ಚರ್ಮದ ಕೈಗವಸು ಹಾಕಿದೆ. ಅರ್ತಿಂಗ್ ಕ್ಲಿಪ್ಪು ಕಚ್ಚುವ ಜಾಗದಲ್ಲಿ ತಗಡನ್ನು ಗ್ರೈಂಡರಿನಿಂದ ಬೆಳ್ಳಗಾಗುವವರೆಗೆ ಉಜ್ಜಿದೆ. ಕೊನೆಗೆ ಮೇಜಿನ ಸುತ್ತ ನೆಲದ ಮೇಲೆ ಸುಣ್ಣದ ಗೆರೆ ಎಳೆದೆ. ಕಪ್ಪು ಗಾಜಿನ ಮುಖವಾಡ ಇಲ್ಲದವರು ಆ ಗೆರೆ ದಾಟಬಾರದು.

ಮಾವ ತಮ್ಮ ಸ್ಟೂಲನ್ನು ಗೆರೆಯ ಒಳಗೇ ಹಾಕಿಕೊಂಡು ಕೂತರು.

ನಮ್ಮಲ್ಲಿ ಸೊಸೆ ಮಾವನ ಮುಂದೆ ದನಿ ಎತ್ತುವುದಿಲ್ಲ. ಮದುವೆಯ ದಿನ ತಲೆಗೆ ಬಿಳಿ ಬಟ್ಟೆ ಕಟ್ಟುತ್ತಾರಲ್ಲ, ಆವತ್ತೇ ಗಂಟಲಿಗೂ ಒಂದು ಗಂಟು ಬೀಳುತ್ತದೆ. ನಾನು ಕಣ್ಣು ಕೆಳಗಿಟ್ಟು, ಪಿಸುದನಿಯಲ್ಲಿ, ಕಲಿತದ್ದನ್ನೆಲ್ಲ ಒಪ್ಪಿಸಿದೆ. "ಆತಾ, ಇದರ ಬೆಳಕು ಬರಿಗಣ್ಣಲ್ಲಿ ನೋಡಬಾರದು. ಬೆಂಕಿ ಉಗುಳೋ ಈ ಟಾರ್ಚಿನ ಮೂತಿ ಮುಟ್ಟೋ ಮುಂಚೆ ಮೇನ್ ಸ್ವಿಚ್ ಆಫ್ ಮಾಡಲೇಬೇಕು. ಇದಕ್ಕೆ ಗ್ಯಾಸಿನ ಹಾಗೆ ತಿರುಗಿಸೋ ಕೊಳಾಯಿ ಇಲ್ಲ. ಗುಂಡಿ ಒತ್ತಿದ್ರೆ ಸಾಕು, ಬೆಂಕಿ."

ಮಾವ ಗಂಭೀರವಾಗಿ ತಲೆಯಾಡಿಸಿದರು. ಅಬ್ಬ, ಒಪ್ಪಿದರು ಎಂದು ನನ್ನ ಎದೆ ಉಬ್ಬಿತು.

ಕಂಪ್ರೆಸರ್ ಹಿತ್ತಲಿನಲ್ಲಿತ್ತು. ಗಾಳಿಯಲ್ಲಿ ನೀರಿದ್ದರೆ ಪ್ಲಾಸ್ಮಾ ಕೆಮ್ಮುತ್ತದೆ ಎಂದು ಅದರ ತಳದ ಬಿರಡೆ ಬಿಚ್ಚಿ ನೀರೆಲ್ಲ ಬಸಿದೆ. ಒತ್ತಡದ ಮುಳ್ಳು ಐದರ ಮೇಲೆ ನಿಲ್ಲುವವರೆಗೆ ಕಾದೆ. ಒಳಗೆ ಬರುವಷ್ಟರಲ್ಲಿ ನಮ್ಮತ್ತೆ ಮೇಜಿನ ಹತ್ತಿರ ನಿಂತು ಬೆರಳು ನೆಕ್ಕುತ್ತಿದ್ದರು.

"ಏನು ಅಪಾ?" ಎಂದೆ. ಅತ್ತೆಯನ್ನು ನಾವು ಅಪಾ ಎನ್ನುತ್ತೇವೆ.

"ಏನಿಲ್ಲ, ನೀನು ನಿನ್ ಕೆಲಸ ನೋಡು," ಎಂದರು, ಬೆಕ್ಕಿನ ಹಾಗೆ.

ತಗಡಿನ ಮೇಲೆ ಚಿತ್ತಾರ ಬರೆದದ್ದು ಅವರೇ. ಕಂಬಳಿಯ ಮೇಲೆ ಬರೆಯುವಂತೆಯೇ ಸುಣ್ಣದ ಕಡ್ಡಿ ಹಿಡಿದು, ಕೈ ಎತ್ತದೆ, ಒಂದೇ ಉಸಿರಿಗೆ ಟಗರು ಕೊಂಬು ಬಿಡಿಸಿದ್ದರು. ಅಳತೆಕಡ್ಡಿ ಇಟ್ಟು ನೋಡಿದರೆ ಎಡ, ಬಲ ಎರಡೂ ಸರಿಸಮ!

ಕದಲದ ಮಾವನಿಗೂ ಅಪಾಗೂ ಬೆಳಕು ಬೀಳದಂತೆ ಬೆನ್ನು ಅಡ್ಡವಿಟ್ಟು ಮುಖವಾಡ ಇಳಿಸಿದೆ. ಗುಂಡಿ ಒತ್ತಿದೆ.

ಚಟ್ ಚಟ್ ಎಂದಿತು. ಹಸಿರು ಬೆಂಕಿ ಒಂದು ಕ್ಷಣ ಚಿಮ್ಮಿ ಆರಿತು. ಮತ್ತೆ ಒತ್ತಿದೆ. ಮತ್ತೆ ಚಟ್. ತಗಡಿನ ಮೇಲೆ ಒಂದು ಕಪ್ಪು ಮಚ್ಚೆ, ಅಷ್ಟೇ. ಶೆಡ್ಡಿನ ತುಂಬ ಏನೋ ಕರಿದ ವಾಸನೆ. ಟಾರ್ಚನ್ನು ಮೇಜಿನ ಮೇಲಿಟ್ಟು ಗಡಿಯಾರ ನೋಡಿದೆ. ಗಂಟೆ ಹನ್ನೊಂದೂವರೆ.

"ನಾನು ಹೇಳ್ಲಿಲ್ವಾ, ಆಟದ ಸಾಮಾನು ಅಂತ! ಮೂತಿ ಕಟ್ಟಿದೆ, ಕೊಡು ಇಲ್ಲಿ," ಎನ್ನುತ್ತ ಮಾವ ಎದ್ದು ಬಂದರು. ನಾನು ಮೇಜಿನ ಮೇಲಿಟ್ಟಿದ್ದ ಟಾರ್ಚನ್ನು ಎತ್ತಿಕೊಂಡರು. ತಮ್ಮ ಕೈಗವಸು ಕಿತ್ತು ಹಾಕಿದರು. ನಲವತ್ತು ವರ್ಷದ ಅಭ್ಯಾಸ ನೋಡಿ, ಗ್ಯಾಸಿನ ಕೊಳಾಯಿ ಮುಚ್ಚಿದ್ದರೆ ಟಾರ್ಚು ಸತ್ತ ಹಾಗೆ, ಹೇಗೆ ಬೇಕಾದರೂ ಒರೆಸಬಹುದು. ಬಲಗೈಯ ಮುಷ್ಟಿ ಹಿಡಿಯನ್ನು ಬಿಗಿದಿತ್ತು, ಬೆರಳು ಸರಿಯಾಗಿ ಗುಂಡಿಯ ಮೇಲೆ. ಎಡಗೈಯ ಅರ್ಧ ಹೆಬ್ಬೆರಳು ನಾಝಲ್ಲಿನ, ಅಂದರೆ ಮೂತಿಯ, ಕಡೆ ಹೊರಟಿತ್ತು.

"ಏಯ್! ಬಿಡು ಅದನ್ನ! ಬಿಡು!"

ಅದು ನನ್ನದೇ ದನಿ. ಕೂಗುತ್ತಲೇ ಹಾರಿ ಗೋಡೆಯ ಮೇನ್ ಸ್ವಿಚ್ ಕೆಳಗೆಳೆದೆ. ಫ್ಯಾನ್ ನಿಂತಿತು, ರೇಡಿಯೋ ನಿಂತಿತು. ಹೊರಗೆ ಕೋಳಿಗಳೂ ಸುಮ್ಮನಾದವು. ಅಪಾ ಬಾಯಿಗೆ ಕೈ ಹಿಡಿದರು. ಎಂಟು ವರ್ಷದಲ್ಲಿ ಆ ಮನೆಯಲ್ಲಿ ನಾನು ಕೂಗಿದ್ದು ಅದೇ ಮೊದಲು, ಅದೂ ಮಾವನ ಮೇಲೆ, ಕುರಿ ಗದರುವ ಹಾಗೆ. ಮುಗಿಯಿತು ಎಂದುಕೊಂಡೆ. ಮಷೀನೂ ಹೋಯಿತು, ಮರ್ಯಾದೆಯೂ ಹೋಯಿತು.

ಮಾವ ಟಾರ್ಚನ್ನು ನಿಧಾನವಾಗಿ ಕೆಳಗಿಟ್ಟರು. ನನ್ನನ್ನೇ ನೋಡಿದರು.

"ಯಾಕೆ?" ಎಂದರು.

ನಾನು ತಲೆ ತಗ್ಗಿಸಿ ಏನೋ ಗೊಣಗಿದೆ.

"ಅದೇ ದನೀಲಿ ಹೇಳು. ಈಗ ಕೂಗಿದ್ಯಲ್ಲ, ಅದೇ ದನೀಲಿ."

ಬೇರೆ ದಾರಿ ಇರಲಿಲ್ಲ. ಅವರನ್ನು ಗೆರೆಯಾಚೆ ನಿಲ್ಲಿಸಿ ಇನ್ನೊಂದು ಮುಖವಾಡ ಕೊಟ್ಟೆ. ಸ್ವಿಚ್ ಹಾಕಿ, ಟಾರ್ಚನ್ನು ಒಂದು ಹಳೇ ತುಂಡಿನ ಮೇಲೆ ಹಿಡಿದು ಗುಂಡಿ ಮುಟ್ಟಿದೆ. ಚಟ್ ಎಂದು ಬೆಂಕಿ ಹಾರಿತು. "ಕೊಳಾಯಿ ಇಲ್ಲ, ಆತಾ! ಈ ಗುಂಡಿಯೇ ಕೊಳಾಯಿ! ನಿಮ್ಮ ಬೆರಳು ಇದರ ಮೇಲೇ ಇತ್ತು!" ಎಂದು ಅರಚಿದೆ.

ಅವರು ತಮ್ಮ ಹೆಬ್ಬೆರಳನ್ನು ಹೊರಳಿಸಿ ಹೊರಳಿಸಿ ನೋಡಿಕೊಂಡರು. ಉಳಿದರ್ಧವೂ ಹೋಗುತ್ತಿತ್ತು, ಅಥವಾ ಅವರೇ.

ಮತ್ತೆ ಮೇನ್ ಆಫ್ ಮಾಡಿ ಮೂತಿ ಬಿಚ್ಚಿದೆ. ಒಳಗೆಲ್ಲ ಕಪ್ಪು ಜಿಡ್ಡು. ಮೂಸಿದೆ. ತುಪ್ಪದ ವಾಸನೆ! ತಿರುಗಿ ಅತ್ತೆಯನ್ನು ನೋಡಿದೆ.

"ಮತ್ತೇನ್ಮಾಡ್ಲಿ? ಮನೆಗೆ ಹೊಸ ಕೂಸು ಬಂದ್ರೆ ಮೊದ್ಲು ಬಾಯಿಗೆ ಬೆಣ್ಣೆ ಸವರ್ತೀವಿ. ಇದಕ್ಕೂ ಒಂದು ಬಾಯಿ ಕಂಡಿತು, ಸವರಿದೆ," ಎಂದರು ಅಪಾ, ಎಂದಿನ ಗಟ್ಟಿ ದನಿಯಲ್ಲಿ. "ಒಳ್ಳೇ ಬೆಣ್ಣೆ. ನಮ್ ಚಮರಿ ಹಸುದು."

ನಗು ತಡೆಯಲಾಗಲಿಲ್ಲ. ಮಾವ ನಕ್ಕರೆ ಶೆಡ್ಡಿನ ತಗಡು ಅದುರುತ್ತದೆ, ಆವತ್ತು ಅದುರಿತು. "ಈ ಕೂಸಿಗೆ ಬರೀ ಗಾಳಿ ಸಾಕಂತೆ ಕಣೇ!" ಎಂದರು ಹೆಂಡತಿಗೆ.

ಪೆಟ್ಟಿಗೆಯಲ್ಲಿ ಇದ್ದದ್ದು ಒಂದೇ ಒಂದು ಜೊತೆ ಹೊಸ ನಾಝಲ್, ಎಲೆಕ್ಟ್ರೋಡ್. ಹಾಕಿದೆ. ಟಾರ್ಚನ್ನು ತುಸು ವಾರೆ ಹಿಡಿದು ಒತ್ತಿದೆ. ಕಿಡಿ ತಗಡನ್ನು ತೂರುತ್ತಲೇ ನೇರ ಮಾಡಿದೆ. ಅಯ್ಯೋ, ಆ ಶಬ್ದ! ಹೊಸ ಬಟ್ಟೆಯನ್ನು ಒಂದೇ ಸೆಳೆತಕ್ಕೆ ಹರಿದ ಹಾಗೆ. ಕಿಡಿಗಳೆಲ್ಲ ಮೇಜಿನ ಕೆಳಗೆ ಸುರಿಯುತ್ತಿದ್ದವು. ಮೇಲಕ್ಕೆ ಹಾರಿದರೆ ತೂರಿಲ್ಲ ಎಂದರ್ಥ, ಹಾಗೊಮ್ಮೆ ಹಾರಿದಾಗ ಕೈ ನಿಧಾನ ಮಾಡಿದೆ. ಕೊಂಬಿನ ತಿರುವು ಬಂದಾಗ ಉಸಿರು ಬಿಗಿಹಿಡಿದೆ. ಮೊದಲ ಕೊಂಬಿನ ತುಂಡು ಕಳಚಿ ಠಣ್ ಎಂದು ಬಿತ್ತು. ಕುಣಿಯಬೇಕು ಅನ್ನಿಸಿತು. ಆದರೆ ಇನ್ನೊಂದು ಕೊಂಬು ಬಾಕಿ ಇತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಸಾಲಿಮಾ ಎಜೆ. "ಎಲ್ಲಿ, ಎಲ್ಲಿ, ನೋಡೋಣ!" ಎನ್ನುತ್ತ ಬರಿಗಣ್ಣಲ್ಲಿ ನೇರ ಗೆರೆಯ ಹತ್ತಿರ ಬಂದಳು. ಗಿರಾಕಿ, ಅದೂ ವಯಸ್ಸಿನಲ್ಲಿ ಹಿರಿಯಳು. ನಾನು ಗುಂಡಿ ಬಿಟ್ಟು ಮಾವನ ಮುಖ ನೋಡಿದೆ.

ಅವರು ಆಗಲೇ ಸ್ಟೂಲನ್ನು ಎತ್ತಿ ಗೆರೆಯಾಚೆ ಹಾಕಿಕೊಂಡು, ಮುಖವಾಡ ತೊಟ್ಟು ಕೂತಿದ್ದರು. "ನನ್ನನ್ನೇನು ನೋಡ್ತೀಯ ಕೆಲಿನ್? ಕೂಗು," ಎಂದರು.

"ಎಜೆ, ಹಿಂದೆ ಸರೀರಿ! ಕಣ್ಣು ಹೋಗುತ್ತೆ!" ಎಂದು ಕೂಗಿದೆ. ಅವಳು ಮಾರುದ್ದ ಹಿಂದಕ್ಕೆ ನೆಗೆದಳು.

ಎರಡನೇ ಕೊಂಬೂ ಠಣ್ ಎಂದು ಬಿದ್ದ ಮೇಲೆ, ಗುಂಡಿ ಬಿಟ್ಟರೂ ಟಾರ್ಚು ತನ್ನನ್ನು ತಾನೇ ತಣಿಸಿಕೊಳ್ಳಲು ಉಸ್ಸೆಂದು ಊದುತ್ತಿತ್ತು. ಸಾಲಿಮಾ ಎಜೆ ಆರಿದ ಒಲೆಬಾಗಿಲನ್ನು ಬಿಸಿಲಿಗೆ ಹಿಡಿದು ನೋಡಿದಳು. "ಹನ್ನೆರಡಕ್ಕೂ ಇದೇ ಕೊಂಬು. ಹುಲ್ಲುಗಾವಲಿಗೆ ಹೊರಡೋ ಮುಂಚೆ ಬೇಕು," ಎಂದಳು. ಹೋಗುವಾಗ ತಿರುಗಿ ಜೋರಾಗಿ, "ಉಸ್ತಾ, ನಿಮ್ ಸೊಸೆಗೆ ಇಷ್ಟು ದೊಡ್ಡ ಗಂಟಲಿದೆ ಅಂತ ಗೊತ್ತೇ ಇರ್ಲಿಲ್ಲ," ಎಂದಳು.

"ನನಗೂ," ಎಂದರು ಮಾವ.

ವ್ಯಾನಿನವನನ್ನು ಬರಿಗೈಲಿ ಕಳಿಸಿ ಬಂದು ಅವರು ಸ್ಟೂಲಿನ ಮೇಲೆ ಕೂತರು. ಬಹಳ ಹೊತ್ತು ಕಿವಿ ತಿಕ್ಕಿಕೊಂಡರು.

"ಸುತ್ತಿಗೆ ತಿಂದುಬಿಟ್ಟಿದೆ ಕಣಮ್ಮ ಈ ಕಿವಿನ. ಬೆಳಿಗ್ಗೆ ನೀನು ಏನೋ ಹೇಳಿದೆ, ನಾನು ತಲೆಯಾಡಿಸಿದೆ. ಒಂದಕ್ಷರ ಕೇಳಿಸ್ಲಿಲ್ಲ. ಎಂಟು ವರ್ಷದಿಂದ ಹಾಗೇನೇ. ಕೇಳಿಸ್ತಿಲ್ಲ ಅಂತ ಸೊಸೆ ಹತ್ರ ಹೇಗೆ ಹೇಳೋದು?"

ಎಂಟು ವರ್ಷ! ನಾನು ಹೇಳಿದ್ದಕ್ಕೆಲ್ಲ ಅವರು ತಲೆಯಾಡಿಸಿದ್ದರು. ನನ್ನ ಮಾತಿಗೆ ಬೆಲೆಯಿಲ್ಲ, ಕೇಳಿಯೂ ಬಿಟ್ಟುಬಿಡುತ್ತಾರೆ ಎಂದು ಎಷ್ಟು ಸಲ ಒಲೆಯ ಮುಂದೆ ಕೂತು ಅತ್ತಿದ್ದೆ. ಈಗಲೂ ಕಣ್ಣು ತುಂಬಿತು, ಆದರೆ ಬೇರೆ ಕಾರಣಕ್ಕೆ.

"ಹೂಂ, ಶುರು ಮಾಡು. ಎಂಟು ವರ್ಷದ್ದು ಒಂದೊಂದಾಗಿ ಹೇಳು," ಎಂದು ಮಾವ ಕಿವಿಗೆ ಅಂಗೈ ಆನಿಸಿದರು.

ನಾನು ತಲೆಬಟ್ಟೆಯ ಗಂಟು ಸಡಿಲಿಸಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ: "ಆತಾ! ಮೊದಲನೇದು, ನನಗೆ ಈ ಕೆಲಸ ಅಂದ್ರೆ ಪ್ರಾಣ!"