ಮಾರಿಯಮ್ಮನ ಸರದಿ

ಚಿನ್ನದ ಗಣಿ ಚಾಂಪಿಯನ್ ರೀಫ್ಸ್‌ನ ಸಾಲುಮನೆಗಳಲ್ಲಿ ಕೊಡಕ್ಕೆ ಮನುಷ್ಯರಷ್ಟೇ ಮರ್ಯಾದೆ. ನಲ್ಲಿಯ ಮುಂದೆ ಕೊಡ ಇಟ್ಟು ಹೋದರೂ ಸರದಿ ನಿಮ್ಮದೇ, ಯಾರೂ ಮುಟ್ಟುವುದಿಲ್ಲ. ಮಾರಿಯಮ್ಮನ ಕೊಡವನ್ನು ಮಾತ್ರ ಮೂರು ದಿನದಿಂದ ಮೋರಿಗೆ ಉರುಳಿಸುತ್ತಿದ್ದರು.

ಅರವತ್ನಾಲ್ಕನೇ ಇಸವಿಯಲ್ಲಿ ‘ಇಂಡಿಯಾದವರು ಹೊರಡಿ’ ಅನ್ನಿಸಿಕೊಂಡು ರಂಗೂನ್ ಬಿಟ್ಟವಳು. ಇಲ್ಲಿ ಅವಳ ಹೆಸರು ‘ಬರ್ಮಾದೋಳು’. ಗಣಿಗಿಳಿಯುವವರಿಗೆ ಇಡ್ಲಿ ಮಾರಿ ಬದುಕಬೇಕು. ನೀರಿಲ್ಲದೆ ಒಲೆ ಹೊತ್ತಿರಲಿಲ್ಲ. ಇವತ್ತೂ ಸಿಗದಿದ್ದರೆ ಬಂಗಾರಪೇಟೆಯಲ್ಲಿ ಮದರಾಸಿನ ರೈಲು ಹತ್ತಿ ನಿರಾಶ್ರಿತರ ಶಿಬಿರಕ್ಕೆ ಹೋಗುವುದೆಂದು ತೀರ್ಮಾನಿಸಿದ್ದಳು.

ನಿರಾಶ್ರಿತರ ನೆರವಿನ ಸಂಘದ ಆದಿನಾರಾಯಣ, ಬಿ.ಎ., ಒಂದು ಕಡೆ ನಿಲ್ಲುವ ಆಸಾಮಿಯಲ್ಲ. ಅವನ ನಾಲಿಗೆಯಂತೂ ಅವನಿಗಿಂತ ಮುಂದೆ. ಮಾರಿಯಮ್ಮನಿಗೆ ಸರದಿ ಕೊಡಿಸಲೆಂದು ನಿನ್ನೆ ನಲ್ಲಿಯ ಹತ್ತಿರ ಹೆಂಗಸರನ್ನು ಒಲಿಸುತ್ತ ಗಣಿ ಸಾಹೇಬರ ಕನ್ನಡವನ್ನು ಅಣಕಿಸಿದ. ನಕ್ಕರು. ಸಂಘದ ಅಧ್ಯಕ್ಷರಂತೆ ಕೆಮ್ಮಿದ. ಇನ್ನೂ ನಕ್ಕರು. ಅದೇ ಹುರುಪಿನಲ್ಲಿ ಮಾರಿಯಮ್ಮನ ರಾಗ ಎಳೆಯುವ ಮಾತನ್ನೂ ಆಡಿಬಿಟ್ಟ: “ಅಕ್ಕಾಆಆ... ಒಂದೇ ಕೊಡಾಆಆ...” ಬಿದ್ದು ಬಿದ್ದು ನಕ್ಕರು. ಒಲಿದರೆಂದೇ ಬೀಗಿದ.

ಇವತ್ತು ಬೆಳಗ್ಗೆ ಬಂದರೆ ಸಾಲಿಗೆ ಸಾಲೇ ಅದೇ ರಾಗ. ಕೊಡ ಮತ್ತೆ ಮೋರಿಯಲ್ಲಿ.

ಅವಳ ಮನೆಗೆ ಓಡಿದ. ಬಾಗಿಲು ತೆರೆಯಲಿಲ್ಲ, ಮಾತು ಮಾತ್ರ ಬಂತು. “ನೀವ್ ಕಲ್ಸಿದ್ ಪಾಟ ಸಾರ್. ಚೆನ್ನಾಗ್ ಕಲ್ತವ್ರೆ.”

ನೀರು ನಿಲ್ಲಲು ಅರ್ಧ ಗಂಟೆಯಿತ್ತು. ಓಡಿಬಂದು ಕೊಡ ತೊಳೆದು ತಾನೇ ಸಾಲಿನಲ್ಲಿ ನಿಂತ.

“ಏನ್ ಸಾರ್, ಸೀರೆ ಮರ್ತು ಬಂದ್ರಾ?” ಎಂದಳು ಮುಂದಿದ್ದ ಮುನಿರತ್ನಮ್ಮ.

“ನೆನ್ನೆ ನಾನ್ ಆಡಿದ್ದು ತಪ್ಪು ಕಣಮ್ಮ. ಆ ಯಮ್ಮನ್ನ ಅಂಗ್ ಆಡ್ಕೋಬಾರದಿತ್ತು.”

“ಅಯ್ಯೋ, ಇದ್ಯಾರ ದನಿ ಸಾರ್? ನಮ್ ಇಸ್ಕೂಲ್ ಮೇಷ್ಟ್ರುದಾ?”

ನಗೆ ಎದ್ದಿತು. ಅವನು ಬಾಯಿ ತೆರೆದಷ್ಟೂ ಜಾಸ್ತಿಯಾಯಿತು. ತನ್ನ ದನಿ ಯಾವುದೆಂದು ಅವನಿಗೇ ತೋಚಲಿಲ್ಲ.

ಮುನಿರತ್ನಮ್ಮನ ಕೊಡ ನಲ್ಲಿಯಡಿ ತುಂಬುವಷ್ಟರಲ್ಲಿ ಮಾರಿಯಮ್ಮ ಬಂದು ಅವನ ಕೈಯಿಂದ ಕೊಡ ಕಿತ್ತುಕೊಂಡಳು. ಕೆಳಗಿಡಲಿಲ್ಲ, ಸೊಂಟಕ್ಕೇರಿಸಿ ನಿಂತಳು.

“ಮುನಿರತ್ನಕ್ಕಾ, ಮೂರ್ ದಿನ ಕೊಡ ಉಳ್ಳಿಸ್ದೆ. ಈಗ ನನ್ನ ಉಳ್ಳಿಸು.”

ಅದೇ ರಾಗ ಎಳೆಯುವ ಮಾತು. ಯಾರೂ ನಗಲಿಲ್ಲ. ಮುನಿರತ್ನಮ್ಮ ತುಂಬಿದ ತನ್ನ ಕೊಡ ಎತ್ತಿಕೊಂಡು, ಅತ್ತಿತ್ತ ನೋಡಿ, ಗೊಣಗುತ್ತ ಪಕ್ಕಕ್ಕೆ ಸರಿದಳು. ಮಾರಿಯಮ್ಮ ನಲ್ಲಿಗೆ ಕೊಡ ಒಡ್ಡಿದಳು.

ಆದಿನಾರಾಯಣ ಕಾಲು ಬದಲಿಸುತ್ತ ಕೇಳಿದ: “ನಾಳೆನೂ ಬರ್ಲಾ?”

“ಬೇಡ ಸಾರ್. ಸಂಗದಲ್ಲಿ ಮಾತು ಕಮ್ಮಿ ಇರೋರ್ ಇದ್ರೆ ಕಳ್ಸಿ.”